ಅಪ್‌ಡೇಟ್: ಥಾಯ್ಲೆಂಡ್‌ನ ಇಂಗ್ಲಿಷ್ ಟೀಚರ್ ಕೆಲಸ
ಥಾಯ್ಲೆಂಡ್‌ನಲ್ಲಿ ಇಂಗ್ಲಿಷ್ ಕಲಿಸೋ ಕೆಲಸ ಇದೆ, ಏಜೆಂಟ್ "ಟೂರಿಸ್ಟ್ ಆಗಿ ಬನ್ನಿ, ವೀಸಾ ಆಮೇಲೆ ನೋಡೋಣ" ಅಂತಿದ್ದಾನೆ, ಹೋಗಲಾ ಅಂತ ಕೇಳಿದ್ದೆನಲ್ಲ? ಬೇಡ ಅಂದವರಿಗೆಲ್ಲ ಥ್ಯಾಂಕ್ಸ್. ಹೋಗಲಿಲ್ಲ.

ಅಲ್ಲಿ ಕಲಿಸಲು ನಾನ್-ಇಮಿಗ್ರೆಂಟ್ ಬಿ ವೀಸಾ (ಕೆಲಸಕ್ಕೆ ಬರುವವರಿಗೆ ಕೊಡೋ ವೀಸಾ) ಬೇಕು, ಜೊತೆಗೆ ವರ್ಕ್ ಪರ್ಮಿಟ್. ಪರ್ಮಿಟ್ ಕೆಲಸ ಕೊಟ್ಟ ಶಾಲೆಗೇ ಕಟ್ಟುಬಿದ್ದಿರುತ್ತದೆ. ವೀಸಾಗೆ ಶಾಲೆಯ ಪತ್ರ ಕಳಿಸಿ ಅಂದದ್ದೇ ತಡ, ಏಜೆಂಟ್ ಫೋನ್ ಎತ್ತೋದನ್ನೇ ಬಿಟ್ಟ. ಒಳ್ಳೆಯದೇ ಆಯಿತು ಬಿಡಿ.

ಈಗ ಬೇರೆ ಶಾಲೆ ಸಿಕ್ಕಿದೆ. ಕಾಂಟ್ರ್ಯಾಕ್ಟ್‌ನಲ್ಲಿ "ವಾರಕ್ಕೆ 20 ಗಂಟೆ" ಅಂತಿತ್ತು. ವಿಚಾರಿಸಿದರೆ ಅದು ಬರೀ ಪಾಠದ ಲೆಕ್ಕ! ಬೆಳಿಗ್ಗೆ 7:30ಕ್ಕೆ ಹಾಜರಿ, 8ಕ್ಕೆ ಬಾವುಟ ಏರಿಸುವಾಗ ಮಕ್ಕಳ ಜೊತೆ ನಿಲ್ಲಬೇಕು, ಸಂಜೆ 4:30ರವರೆಗೆ ಗೇಟ್ ದಾಟುವಂತಿಲ್ಲ. ದಿನಕ್ಕೆ 9 ಗಂಟೆ ಆಯ್ತು ಅಲ್ವಾ? ಶನಿವಾರದ ಇಂಗ್ಲಿಷ್ ಕ್ಯಾಂಪ್‌ಗೆ ಬೇರೆ ದುಡ್ಡು ಅಂತ ಕಾಂಟ್ರ್ಯಾಕ್ಟ್‌ನಲ್ಲೇ ಬರೆಸಿಕೊಂಡೆ. ಏಪ್ರಿಲ್ ರಜೆಯ ಸಂಬಳಕ್ಕೆ ಮಾತ್ರ ಅವರು ಬಗ್ಗಲಿಲ್ಲ, ಕಾಂಟ್ರ್ಯಾಕ್ಟೇ 11 ತಿಂಗಳದ್ದು. ಆ ಒಂದು ತಿಂಗಳ ಖರ್ಚು ಮೊದಲೇ ಎತ್ತಿಟ್ಟುಕೊಳ್ಳಬೇಕು.

ಸಹಿ ಹಾಕಿದೆ. ವೀಸಾ ಮೊದಲು 90 ದಿನಕ್ಕೆ ಸಿಗುತ್ತದೆ, ಆಮೇಲೆ ಅಲ್ಲೇ ಮುಂದುವರಿಸಬೇಕು. ಸದ್ಯ ಡಿಗ್ರಿ ಸರ್ಟಿಫಿಕೇಟ್ ಅಟೆಸ್ಟೇಶನ್‌ಗೆ (ಅಸಲಿ ಅಂತ ದೃಢೀಕರಿಸೋಕೆ) ಕೊಟ್ಟು ಕಾಯ್ತಾ ಇದ್ದೇನೆ.