ಅಪ್‌ಡೇಟ್: ಎಕೋ ಹೋಯಿತು, ಜೋಕ್ ಇನ್ನೂ ಒದ್ದಾಡುತ್ತಿದೆ

ಬಾಡಿಗೆ ರೂಮಿನಲ್ಲಿ ಪಾಡ್‌ಕಾಸ್ಟ್ ಮಾಡಿದರೆ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆನಲ್ಲ? ನೀವು ಹೇಳಿದಂತೆ ಮೈಕನ್ನು ಬಾಯಿಂದ ಒಂದು ಗೇಣು ದೂರಕ್ಕೆ ತಂದೆ. ಬರಿ ಗೋಡೆಗೆ ಹಾಸಿಗೆ ಒರಗಿಸಿ, ಅಜ್ಜಿ ಹೊಲಿದ ಕೌದಿ ತಲೆ ಮೇಲೆ ಹೊದ್ದು ಕೂತೆ. ಎಕೋ ಮುಕ್ಕಾಲು ಪಾಲು ಮಾಯ! ಬೆವರಿನ ಕಥೆ ಮಾತ್ರ ಕೇಳಬೇಡಿ. ಫ್ಯಾನ್ ಹಾಕಿದರೆ ಅದರ ಗರಗರ ಸದ್ದೂ ರೆಕಾರ್ಡ್ ಆಗುತ್ತದೆ. ನಡುವೆ ಸೊಪ್ಪು ಮಾರುವವರ ಕೂಗು ಬಂತು. ಕತ್ತರಿಸದೆ ಸುಮ್ನೆ ಬಿಟ್ಟೆ. ಕೇಳುಗರಿಗೆ ನನ್ನ ಜೋಕಿಗಿಂತ ಅದೇ ಜಾಸ್ತಿ ಹಿಡಿಸಿತು.

ಇನ್ನು ಬೆಂಗಳೂರಿನ ಓಪನ್ ಮೈಕ್, ಅಂದರೆ ಹೆಸರು ಕೊಟ್ಟ ಯಾರು ಬೇಕಾದರೂ ವೇದಿಕೆ ಹತ್ತಿ ಜೋಕ್ ಹೇಳಬಹುದಾದ ಶೋ. 5 ನಿಮಿಷದ ಸ್ಲಾಟ್, ನಾಲ್ಕನೇ ನಿಮಿಷಕ್ಕೇ, ಟೈಮ್ ಮುಗಿಯುತ್ತಾ ಬಂತು ಅಂತ ಹಿಂದಿನಿಂದ ಮೊಬೈಲ್ ಟಾರ್ಚ್ ತೋರಿಸಿದರು. ನಾನಿನ್ನೂ ಪೀಠಿಕೆಯಲ್ಲೇ ಇದ್ದೆ! ಗುರುವಾರಕ್ಕೆ ಮತ್ತೆ ಹೆಸರು ಕೊಟ್ಟಿದ್ದೇನೆ, ಪೀಠಿಕೆ ಕಿತ್ತು ಹಾಕಿ.