ಬೀರು ಬಿದ್ದ ಸದ್ದು ಯಾರಿಗೆ ಕೇಳಿಸಲಿಲ್ಲ?

ಕಾಫಿಪುಡಿ:
ನಿನ್ನೆ ರಾತ್ರಿ ಮೂರನೇ ಸಲ ‘ಎ ಟೇಲ್ ಆಫ್ ಟು ಸಿಸ್ಟರ್ಸ್’ ನೋಡಿದೆ. 2003ರ ಕೊರಿಯನ್ ಚಿತ್ರ, ನಿರ್ದೇಶಕ ಕಿಮ್ ಜೀ-ವೂನ್. ನೋಡದವರು ಇಲ್ಲಿಂದಲೇ ವಾಪಸ್ ಹೋಗಿ, ಗುಟ್ಟೆಲ್ಲ ಬಿಚ್ಚಿಡ್ತೀನಿ. ಆಸ್ಪತ್ರೆಯಿಂದ ಮನೆಗೆ ಬರೋ ಸು-ಮಿ, ತಂಗಿ ಸು-ಯೊನ್, ಮಲತಾಯಿ ಉನ್-ಜೂ, ಬಾಯೇ ಬಿಡದ ಅಪ್ಪ. ಕೊನೆಗೆ ನೋಡಿದರೆ ತಂಗಿ ಯಾವತ್ತೋ ಸತ್ತಿದ್ದಾಳೆ, ನಾವು ನೋಡಿದ ಮಲತಾಯಿಯೂ ಸು-ಮಿಯೇ. ಅಷ್ಟು ದಿನ ಮನೆಯಲ್ಲಿದ್ದಿದ್ದು ಅಪ್ಪ, ಮಗಳು ಇಬ್ಬರೇ. ಎಲ್ಲರೂ ಮಲತಾಯಿಯನ್ನ ಬೈತಾರೆ. ನನ್ನ ಪ್ರಕಾರ ಆ ಮನೆ ಹಾಳಾಗಿದ್ದು ಅಪ್ಪನಿಂದ. ಅವನನ್ನ ಯಾಕೆ ಯಾರೂ ಕೇಳಲ್ಲ?

ರಾತ್ರಿಪಾಳಿ:
ಸ್ವಾಮಿ, ಅದು ದೆವ್ವದ ಸಿನಿಮಾ. ದೆವ್ವ ಬಿಟ್ಟು ಅಪ್ಪನ ಹಿಂದೆ ಯಾಕೆ ಬಿದ್ದಿದ್ದೀರಿ? ‘ಎಲ್ಲ ಅವಳ ಮನಸ್ಸಿನ ಆಟ’ ಅನ್ನೋದನ್ನೂ ನಾನು ಒಪ್ಪಲ್ಲ. ಊಟಕ್ಕೆ ಬಂದ ನೆಂಟರಲ್ಲಿ ಮಲತಾಯಿಯ ತಮ್ಮನ ಹೆಂಡತಿಗೆ ಫಿಟ್ಸ್ ಬಂದು ನೆಲಕ್ಕೆ ಬೀಳ್ತಾಳಲ್ಲ, ಆಮೇಲೆ ಕಾರಿನಲ್ಲಿ ಗಂಡನ ಹತ್ರ ಏನಂತಾಳೆ? ಸಿಂಕ್ ಕೆಳಗೆ ಒಂದು ಹುಡುಗಿ ಇದ್ದಳು ಅಂತ. ಅವಳಿಗೇನು ಸು-ಮಿಯ ಕಾಯಿಲೆ ಅಂಟಿತ್ತಾ?

ಕಾಫಿಪುಡಿ:
ಸರಿಯಾದ ದೃಶ್ಯವನ್ನೇ ಹಿಡಿದಿರಿ. ಅದನ್ನ ಎರಡನೇ ಸಲ ನೋಡಿ. ಮಲತಾಯಿ ನಗ್ತಾ ನಗ್ತಾ ತಮ್ಮನಿಗೆ ಹಳೇ ಕಥೆಗಳನ್ನ ಹೇಳ್ತಾಳೆ. ‘ನೆನಪಿದೆಯಾ?’ ಅಂದರೆ ಅವನು ನೆನಪಿಲ್ಲ ಅಂತಾನೆ. ಮೊದಲ ಸಲ ನಮಗೆ ಅವನು ಒರಟ ಅನ್ನಿಸುತ್ತೆ. ಅಸಲಿಗೆ ಎದುರಿಗೆ ಕೂತು ಹಾಗೆ ಮಾತಾಡ್ತಿರೋದು ಅಕ್ಕನ ಮಲಮಗಳು! ತುತ್ತು ಗಂಟಲಲ್ಲಿ ಇಳಿಯುತ್ತಾ? ಅಂಥಾ ಹೊತ್ತಲ್ಲೂ ಅಪ್ಪ ತಡೆಯೋದಿಲ್ಲ. ನೆಂಟರ ಮುಂದೆ ನಾಟಕ ಪೂರ್ತಿ ನಡೆಯಲಿ ಅಂತ ಬಿಟ್ಟುಬಿಡ್ತಾನೆ.

ಶಾರದಕ್ಕ:
ಮನೋರೋಗ ವಾರ್ಡಿನಲ್ಲಿ ಹತ್ತು ವರ್ಷ ನರ್ಸ್ ಆಗಿದ್ದವಳು ನಾನು. ಅಪ್ಪನ ಪರವಾಗಿ ಒಂದು ಮಾತು. ಅವನು ಮಗಳಿಗೆ ಮಾತ್ರೆ ಕೊಡ್ತಾನೆ, ಫೋನ್ ಮಾಡ್ತಾನೆ, ಬಿಟ್ಟು ಹೋಗಲ್ಲ. ಎದುರಾಡಿದರೆ ಕಾಯಿಲೆ ಇನ್ನೂ ಕೆರಳುತ್ತೇನೋ ಅಂತ ಹೆದರಿ ಬಾಯಿ ಮುಚ್ಚಿಕೊಂಡಿರೋ ಎಷ್ಟು ಅಪ್ಪಂದಿರನ್ನ ನೋಡಿಲ್ಲ! ನನ್ನ ತಕರಾರು ಬೇರೆ. ಒಬ್ಬಳಲ್ಲೇ ಮೂರು ಜನ ಇರೋ ಕಾಯಿಲೆ ಸಿನಿಮಾದವರಿಗೆ ಸಿಕ್ಕ ಸಕ್ಕರೆ. ನಿಜದಲ್ಲಿ ಅದು ಇಷ್ಟು ಚೆಂದದ ಹೂವಿನ ವಾಲ್‌ಪೇಪರ್ ಮುಂದೆ ನಡೆಯಲ್ಲಪ್ಪ.

ಧಾರವಾಡದಾಂವ:
ಅಲ್ರಿ, ಇದು ನಮ್ಮ ‘ಆಪ್ತಮಿತ್ರ’ದ ಕಥಿನ ಅಲ್ಲೇನು? ಒಳಗ ಇನ್ನೊಬ್ಬಾಕಿ ಹೊಕ್ಕೊಂಡ ಕುಂತಿರ್ತಾಳ.

ಕಾಫಿಪುಡಿ:
ಅಲ್ಲ ಸರ್. ಅಲ್ಲಿ ಡಾಕ್ಟರ್ ಬರ್ತಾರೆ, ಗಂಡ ಜೊತೆಗೆ ನಿಲ್ತಾನೆ, ಮನೆ ತುಂಬ ಜನ. ಕೊನೆಗೆ ವಾಸಿಯೂ ಆಗುತ್ತೆ. ಇಲ್ಲಿ ಹುಡುಗಿ ಶುರುವಾದ ಆಸ್ಪತ್ರೆಗೇ ವಾಪಸ್.

ಸುವೊನ್_ಕನ್ನಡಿಗ:
ನಾಲ್ಕು ವರ್ಷ ಕೊರಿಯಾದಲ್ಲಿದ್ದೆ, ಹಾಗಾಗಿ ಬಾಯಿ ಹಾಕ್ತಿದೀನಿ. ಇದರ ಮೂಲ ‘ಜಾಂಗ್ಹ್ವಾ ಹೊಂಗ್ರ್ಯೊನ್’ ಅನ್ನೋ ಜೊಸನ್ ರಾಜವಂಶದ ಕಾಲದ ಹಳೇ ಕಥೆ, ಅಲ್ಲಿ ಮಕ್ಕಳಿಗೂ ಗೊತ್ತು. ಹೆಸರಿನ ಅರ್ಥ ಗುಲಾಬಿ, ಕೆಂದಾವರೆ. ಮಲತಾಯಿ ಚರ್ಮ ಸುಲಿದ ಇಲಿಯನ್ನ ದೊಡ್ಡ ಹುಡುಗಿಯ ಹಾಸಿಗೆಯಲ್ಲಿಟ್ಟು, ‘ನೋಡಿ, ನಿಮ್ಮ ಮಗಳಿಗೆ ಗರ್ಭಪಾತ ಆಗಿದೆ’ ಅಂತ ಗಂಡನಿಗೆ ತೋರಿಸ್ತಾಳೆ. ಅಪ್ಪ ನಂಬಿಬಿಡ್ತಾನೆ. ಹುಡುಗಿಯನ್ನ ಕೊಳಕ್ಕೆ ನೂಕ್ತಾರೆ, ತಂಗಿಯೂ ಅದೇ ಕೊಳದಲ್ಲಿ ಸಾಯ್ತಾಳೆ. ಆಮೇಲೆ ಊರಿಗೆ ಬಂದ ಅಧಿಕಾರಿಗಳ ಮುಂದೆ ಇಬ್ಬರೂ ದೆವ್ವವಾಗಿ ನಿಂತು ನ್ಯಾಯ ಕೇಳ್ತಾರೆ. ಹೆದರಿ ಒಬ್ಬೊಬ್ಬರೇ ಸಾಯ್ತಾರೆ, ಕೊನೆಗೊಬ್ಬ ಗಟ್ಟಿಗ ಕೇಳಿಸಿಕೊಳ್ತಾನೆ. ಮಲತಾಯಿಗೆ ಮರಣದಂಡನೆ. ಅಪ್ಪನಿಗೆ? ಬಿಡುಗಡೆ! ಸಾಲದ್ದಕ್ಕೆ ಮೂರನೇ ಮದುವೆ, ಸತ್ತ ಹುಡುಗಿಯರೇ ಅವನಿಗೆ ಅವಳಿಜವಳಿಯಾಗಿ ಹುಟ್ಟಿ ಬರ್ತಾರೆ.

ರಾತ್ರಿಪಾಳಿ:
ಅಯ್ಯೋ ಪುಣ್ಯಾತ್ಮ!

ಕಾಫಿಪುಡಿ:
ಇದು ನನಗೆ ಗೊತ್ತಿರಲಿಲ್ಲ. ಸಿನಿಮಾದಲ್ಲೂ ಹಾಗೇ ಅಲ್ವಾ? ಸು-ಮಿ ಆಸ್ಪತ್ರೆಗೆ ಹೋದಮೇಲೆ ಆ ಮನೆಯಲ್ಲಿ ದೆವ್ವ ಹಿಡಿಯೋದು ಉನ್-ಜೂನ ಒಬ್ಬಳನ್ನೇ. ಅಪ್ಪನ ಕೂದಲೂ ಕೊಂಕಲ್ಲ.

ಸುವೊನ್_ಕನ್ನಡಿಗ:
ಅಲ್ಲಿ ‘ಹೊಜು’ ಅನ್ನೋ ಪದ್ಧತಿ ಇತ್ತು. ಪ್ರತಿ ಕುಟುಂಬದ ದಾಖಲೆ ಒಬ್ಬ ಯಜಮಾನನ ಹೆಸರಲ್ಲಿ, ಹೆಂಡತಿ, ಮಕ್ಕಳು ಅವನ ಕೆಳಗೆ. ಅದು ಸಂವಿಧಾನಕ್ಕೆ ಹೊಂದಲ್ಲ ಅಂತ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಹೇಳಿದ್ದು 2005ರಲ್ಲಿ, ಪೂರ್ತಿ ಹೋಗಿದ್ದು 2008ರಲ್ಲಿ. ಅಂದರೆ ಈ ಸಿನಿಮಾ ಬಂದಾಗ ಕಾಗದದ ಮೇಲೂ ಅಪ್ಪನೇ ಮನೆ.

ಧಾರವಾಡದಾಂವ:
ಅದಕ್ಕೂ ಹಿಂದಿಂದು ಒಂದೈತ್ರಿ, 1960ರ ‘ದಿ ಹೌಸ್‌ಮೇಡ್’, ಕಿಮ್ ಕಿ-ಯೊಂಗ್ ಅವರದು. ಹೆಂಡ್ತಿ ಹಗಲು ರಾತ್ರಿ ಹೊಲಿಗಿ ಮಷಿನ್ ತುಳದು ಎರಡಂತಸ್ತಿನ ಮನಿ ಮಾಡ್ತಾಳ, ಸಂಗೀತ ಕಲಿಸೋ ಗಂಡ ಕೆಲಸದಾಕಿ ಜೋಡಿ ಕೆಡ್ತಾನ. ಇಲಿ ಪಾಷಾಣ ಅಡಗಿಮನ್ಯಾಗ. ಆ ಮೆಟ್ಟಿಲ ನೋಡಿದ್ರ ಇವತ್ತಿಗೂ ಎದಿ ಝಲ್ ಅಂತೈತಿ. ದೆವ್ವ ಇಲ್ಲ, ಏನಿಲ್ಲ.

ಶಾರದಕ್ಕ:
ಗಂಡಸರನ್ನ ಬೈದಿದ್ದು ಸಾಕು, 2023ರ ‘ಸ್ಲೀಪ್’ ನೋಡಿ. ಅಲ್ಲಿ ನಿದ್ದೆಯಲ್ಲಿ ಎದ್ದು ಓಡಾಡೋನು ಗಂಡ, ನಿದ್ದೆಗೆಟ್ಟು ಕೊನೆಗೆ ಅವನಿಗಿಂತ ಭಯ ಹುಟ್ಟಿಸೋಳು ಹೆಂಡತಿ. ಇಬ್ಬರೂ ಒಟ್ಟಿಗಿದ್ದರೆ ಎಂಥ ಕಷ್ಟವನ್ನೂ ದಾಟಬಹುದು ಅಂತ ಒಂದು ಹಲಗೆ ಗೋಡೆಯಲ್ಲಿ ನೇತಾಡ್ತಿರುತ್ತೆ. ಸಿನಿಮಾ ಮುಗಿಯೋ ಹೊತ್ತಿಗೆ ಆ ಹಲಗೆ ಕಂಡರೇ ಕೈಕಾಲು ತಣ್ಣಗಾಗುತ್ತೆ. ಕಾಯಿಲೆಯವರನ್ನ ನೋಡಿಕೊಳ್ಳೋರ ಸುಸ್ತನ್ನ ಇಷ್ಟು ಸರಿಯಾಗಿ ತೋರಿಸಿದ್ದು ನಾನಂತೂ ನೋಡಿಲ್ಲ.

ರಾತ್ರಿಪಾಳಿ:
ಚರ್ಚೆ ಎಲ್ಲೆಲ್ಲಿಗೋ ಹೋಯ್ತು. ಕಾಫಿಪುಡಿ, ಅಪ್ಪ ಏನು ತಪ್ಪು ಮಾಡಿದ ಅಂತ ಇನ್ನೂ ಹೇಳಿಲ್ಲ ನೀವು. ಬೀರು ಕೆಳಗೆ ಸಿಕ್ಕ ಸು-ಯೊನ್‌ನ ನೋಡಿಯೂ ಬಿಟ್ಟುಬಂದೋಳು ಉನ್-ಜೂ. ಕೊಲೆ ಅವಳದು.

ಕಾಫಿಪುಡಿ:
ಅಲ್ಲಿಗೇ ಬರ್ತೀನಿ. ಕಾಯಿಲೆ ಹೆಂಡತಿ ಮೇಲಿನ ಮಹಡಿಯಲ್ಲಿ, ಅವಳನ್ನ ನೋಡಿಕೊಳ್ಳೋಕೆ ಬಂದ ನರ್ಸ್ ಉನ್-ಜೂ ಕೆಳಗೆ ಊಟದ ಮೇಜಲ್ಲಿ. ಈ ಏರ್ಪಾಡು ಯಾರದು? ತಾಯಿ ಬೀರುವಿನೊಳಗೆ ನೇಣು ಹಾಕಿಕೊಂಡಿರ್ತಾಳೆ, ಸು-ಯೊನ್ ಅವಳನ್ನ ಎಳೆಯೋಕೆ ಹೋಗಿ ಬೀರು ಮೇಲೆ ಬೀಳುತ್ತೆ. ಅಷ್ಟು ದೊಡ್ಡ ಸದ್ದು. ಹೋಗಿ ನೋಡಿದೋಳು ಉನ್-ಜೂ ಒಬ್ಬಳೇ. ವಾಪಸ್ ಬರೋವಾಗ ಸು-ಮಿ ಎದುರಾಗಿ ಸಿಡುಕ್ತಾಳೆ. ‘ಈ ಗಳಿಗೆಗೆ ಮುಂದೆ ಪಶ್ಚಾತ್ತಾಪ ಪಡ್ತೀಯ’ ಅನ್ನೋ ಅರ್ಥದ ಮಾತು ಉನ್-ಜೂ ಬಾಯಿಂದ ಬರುತ್ತೆ. ಹುಡುಗಿ ಕೋಪದಲ್ಲಿ ಹೊರಗೆ ನಡೆದುಬಿಡ್ತಾಳೆ. ಜೀವನಪೂರ್ತಿ ಹುಚ್ಚಾಗೋದು ಈ ಒಂದು ನಡಿಗೆಗೆ. ಉನ್-ಜೂ ಮಾಡಿದ್ದು ಕೊಲೆಯೇ, ಒಪ್ಪಿದೆ. ಆದರೆ ಮನೆ ಯಜಮಾನ ಮೆಟ್ಟಿಲು ಹತ್ತಬಾರದಿತ್ತಾ?

ಶಾರದಕ್ಕ:
ಹತ್ತಬಹುದಿತ್ತು. ಅದನ್ನ ನಾನೂ ಒಪ್ತೀನಿ ಮಾರಾಯ.

ಧಾರವಾಡದಾಂವ:
ನಮ್ಮ ಕಡೆ ಕಪಾಟ ಗ್ವಾಡಿಗೇ ಇರ್ತೈತಿ, ಬೀಳೂದಿಲ್ಲ. 😄

ರಾತ್ರಿಪಾಳಿ:
ಊಟದ ದೃಶ್ಯ ಈಗಷ್ಟೇ ಮತ್ತೆ ನೋಡಿದೆ. ಅಪ್ಪನ ವಿಷಯದಲ್ಲಿ ಸೋತೆ. ಸಿಂಕ್ ಕೆಳಗಿನ ಹುಡುಗಿ ಮಾತ್ರ ನಿಜವಾದ ದೆವ್ವವೇ, ಅಲ್ಲಿ ನಾನು ಬಗ್ಗಲ್ಲ. ಈಗ ನೀರು ಕುಡಿಯೋಕೆ ಅಡುಗೆಮನೆಗೆ ಹೋಗ್ಬೇಕು, ಹೆಂಡತಿನ ಎಬ್ಬಿಸ್ತಿದೀನಿ.