ಮುಸುಕಿನ ಜೋಳದ ಒಳತಳಿ: ಕಾಳಿನ ತೂಕ ಒಂದನ್ನೇ ನೋಡಿ ಆರಿಸಬಹುದಾ?

ಕಾರೇಕೆರೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ಹಾಸನದ ಹತ್ತಿರ ಮುಸುಕಿನ ಜೋಳದ 40 ಒಳತಳಿ (ತನ್ನ ಪರಾಗವನ್ನೇ ತನಗೆ ಹಾಕುತ್ತಾ ತಲೆಮಾರುಗಟ್ಟಲೆ ಬೆಳೆಸಿದ ತಳಿ) ಹಾಕಿದ್ದೇನೆ, ಎರಡು ಕಡೆ, ತಳಿಗೊಂದು ಸಾಲು. ಗಿಡದ ಎತ್ತರ, ತೆನೆಯಲ್ಲಿ ಎಷ್ಟು ಸಾಲು ಅನ್ನೋದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಕಾಳಿನ ತೂಕ ಮಾತ್ರ ಹಿಡಿತಕ್ಕೇ ಸಿಗುತ್ತಿಲ್ಲ. 17ನೇ ತಳಿ ಒಂದು ಕಡೆ ಎಲ್ಲಕ್ಕಿಂತ ಮೇಲೆ, ಇನ್ನೊಂದು ಕಡೆ ಅದರ ಅರ್ಧವೂ ಇಲ್ಲ. ಸೂಲಂಗಿ (ಗಿಡದ ತುದಿಯ ಗಂಡು ಹೂ) ಬರುವಾಗ ಮಳೆ ಕೈಕೊಟ್ಟಿತ್ತು. ತೂಕ ನೋಡಿ ಮೇಲಿನ 8 ಇಟ್ಟುಕೊಂಡರೆ ತಪ್ಪಾ?

ಹಳೇ ತಳಿಗಾರ:
ತೂಕ ಒಂದನ್ನೇ ನಂಬಬೇಡಮ್ಮ. ಇಳುವರಿಯ ಹಿಂದೆ ಬಹಳಷ್ಟು ಜೀನ್‌ಗಳಿವೆ, ಒಂದೊಂದರದ್ದೂ ಚಿಕ್ಕ ಪಾಲು, ಅದರ ಮೇಲೆ ಮಣ್ಣು ನೀರು ಬೇರೆ. ತೆನೆಯ ಸಾಲು ಗಿಡ ಎಳಸಾಗಿರುವಾಗಲೇ ತೀರ್ಮಾನ ಆಗಿಬಿಡುತ್ತದೆ, ಅದಕ್ಕೇ ಅಷ್ಟು ಅಲುಗಾಡುವುದಿಲ್ಲ. ಸಾಲಿಗೆ ಎಷ್ಟು ಕಾಳು ಅನ್ನೋದು ಹೂ ಬಿಡುವ ಹೊತ್ತಿನ ನೀರಿನ ಕೈಯಲ್ಲಿದೆ. 17ರ ತೆನೆ ಸುಲಿದು ತುದಿ ನೋಡು. ಸೂಲಂಗಿ ಧೂಳು (ಪರಾಗ) ಉದುರಿದ ದಿನ, ತೆನೆಗೆ ಕೂದಲು ಬಂದ ದಿನ ಬರೆದಿಟ್ಟಿದ್ದೀಯಾ? ನೀರು ಸಾಲದಿದ್ದರೆ ಕೂದಲು ತಡವಾಗುತ್ತದೆ. ಆ ಒಣ ದಿನಗಳಲ್ಲೂ ಧೂಳು ಉದುರಿದ ಎರಡು ಮೂರು ದಿನದೊಳಗೆ ಕೂದಲು ಬಿಟ್ಟ ತಳಿಗಳನ್ನು ಬಿಡಲೇಬೇಡ.

ಬೀಜದ ಮನುಷ್ಯ:
ಇನ್ನೊಂದು ಮಾತು. ಒಳತಳಿ ಎಂದರೆ ಬಡಕಲೇ. 1908ರಲ್ಲೇ ಅಮೆರಿಕದ ವಿಜ್ಞಾನಿ ಶಲ್ ಇದನ್ನು ತೋರಿಸಿದ್ದರು, ತನ್ನ ಧೂಳು ತನಗೇ ಹಾಕುತ್ತಾ ಹೋದರೆ ಗಿಡ ಸೊರಗುತ್ತದೆ, ಅಂಥ ಎರಡನ್ನು ಕೂಡಿಸಿದರೆ ಕಸುವು ವಾಪಸ್ ಬರುತ್ತದೆ. ಆರು ತಲೆಮಾರು ಹಾಗೆ ಮಾಡಿದರೆ ಒಳಗಿನ ಜೀನ್ ಮಿಶ್ರಣ ಮೊದಲಿದ್ದದ್ದರ ಶೇ. 2ಕ್ಕೂ ಕಡಿಮೆ ಉಳಿಯುತ್ತದೆ. ಹಾಗಾಗಿ ತಳಿ ತಾನೇ ಎಷ್ಟು ಕೊಟ್ಟಿತು ಅನ್ನೋದು ಅರ್ಧ ಸುದ್ದಿ ಅಷ್ಟೇ. ಎಲ್ಲವನ್ನೂ ಒಂದೇ ಟೆಸ್ಟರ್ (ಹೋಲಿಸಿ ನೋಡಲು ಎಲ್ಲಕ್ಕೂ ಜೋಡಿಯಾಗಿ ಬಳಸುವ ತಳಿ) ಜೊತೆ ಕೂಡಿಸಿ, ಮಕ್ಕಳ ಇಳುವರಿ ತೂಗಿ. ಸುಮಾರಾಗಿ ಕಾಣುವ ತಳಿಯೂ ಒಳ್ಳೆ ಹೈಬ್ರಿಡ್ ಕೊಡಬಹುದು.

ಜಾವಗಲ್ ರೈತ:
ಸರ್ ಹೇಳಿದ್ದು ಸರಿ, ಆದರೆ ಹೈಬ್ರಿಡ್ ಬೀಜ ಕಟ್ಟುವ ಹೆಣ್ಣು ಸಾಲಿನ ತಳಿ ತೀರಾ ಬಡಕಲಾದರೆ ಬೀಜ ಬೆಳೆಯುವವನು ಸಾಯುತ್ತಾನೆ. ನಾನು ಒಮ್ಮೆ ಬೀಜೋತ್ಪಾದನೆಗೆ ಇಳಿದಿದ್ದೆ. ಗಂಡು ಸಾಲಿನ ಧೂಳೆಲ್ಲಾ ಮುಗಿದ ಮೇಲೆ ಹೆಣ್ಣಿಗೆ ಕೂದಲು ಬಂತು. ತೆನೆಗೆ ಹತ್ತಿಪ್ಪತ್ತು ಕಾಳು, ಮಿಕ್ಕಿದ್ದೆಲ್ಲ ಬರೀ ದಿಂಡು. ಆ ವರ್ಷದ ಖರ್ಚೂ ಹುಟ್ಟಲಿಲ್ಲ. ಸೂಲಂಗಿ ಎಷ್ಟು ದಿನ ಧೂಳು ಕೊಡುತ್ತದೆ ಅಂತ ದಯವಿಟ್ಟು ಬರೆದಿಡಮ್ಮ.

ಕಾರೇಕೆರೆ ಹುಡುಗಿ:
ಈಗಷ್ಟೇ 17 ಸುಲಿದು ನೋಡಿದೆ. ಎರಡೂ ಕಡೆ 14 ಸಾಲು! ತೂಕ ಕಡಿಮೆ ಬಂದ ಕಡೆ ತುದಿ ಮೂರು ಬೆರಳು ಬೋಳು, ಅದು ಬದುವಿನ ಪಕ್ಕದ ಗರಸು ಮಣ್ಣು. ಅದನ್ನು ತೆಗೆಯುವುದಿಲ್ಲ, ಟೆಸ್ಟರ್ ಜೊತೆ ಕೂಡಿಸುತ್ತೇನೆ. ಕೂದಲಿನ ದಿನಾಂಕ 26 ತಳಿಗೆ ಮಾತ್ರ ಬರೆದಿದ್ದೇನೆ, ಮುಂದಿನ ಸಲ ಒಂದೂ ಬಿಡುವುದಿಲ್ಲ ಸರ್.